ಮೂವತ್ತನಾಲ್ಕನೇ ಟವೆಲು

ಮಾರ್ಚ್ 3, ಸೋಮವಾರ

ಟವೆಲುಗಳು ಒಣಗಿದವು. ಮಡಿಸಿ ನಂಬರ್ ಪ್ರಕಾರ ಜೋಡಿಸಿದೆ. ಒಂದರಿಂದ ಅರವತ್ತು. ಮೂವತ್ತನಾಲ್ಕು ಇಲ್ಲ. ನವೆಂಬರಿನಿಂದಲೂ ಇಲ್ಲ. ಅಡುಗೆಯಮ್ಮ, "ಯಾರ ಜೊತೆಗೋ ಓಡಿಹೋಗಿದೆ ಕಣೇ. ಎಲ್ಲಾದ್ರೂ ಚೆನ್ನಾಗಿರಲಿ ಬಿಡು," ಎಂದಳು.

ಈ ಆಶ್ರಯಮನೆಗೆ ಯಾವ ಹೆಂಗಸು ಬಂದರೂ ಮೊದಲು ಟವೆಲು, ಮುಖಕ್ಕೆ ಬಿಸಿನೀರು. ಪ್ರಶ್ನೆ ಎಲ್ಲ ಆಮೇಲೆ. ದೊಡ್ಡಕ್ಕ ಮ್ಯಾನೇಜರ್ ಆದ ದಿನ ತಂದ ಪದ್ಧತಿ. ಅವಳೂ ಏಟು ತಿಂದು ಬಂದವಳೇ. ಆಗಿನವರು ಬಾಗಿಲಲ್ಲೇ ಗಂಟೆಗಟ್ಟಲೆ ನಿಲ್ಲಿಸಿ ವಿಚಾರಿಸಿದ್ದರಂತೆ, ಕೆನ್ನೆಯ ರಕ್ತ ಹಾಗೇ ಒಣಗಿತ್ತಂತೆ. ನಾನು, ತಂಗಿ, ದೊಡ್ಡಕ್ಕ — ಒಂದೇ ಕೋಣೆಯಲ್ಲಿ ಚಾಪೆ ಹಾಸಿಕೊಂಡವರು.

ಸಂಜೆ ದೊಡ್ಡಕ್ಕ ಕರೆದಳು. ಅವಳಿಗೆ ಹೆಡ್ ಆಫೀಸಿಗೆ ಪ್ರಮೋಷನ್. "ನನ್ನ ಕುರ್ಚಿ ನಿಂಗೆ. ಕಮಿಟಿಯವರು ಒಪ್ಪಿದಾರೆ."

ಏಳನೇ ಕ್ಲಾಸು ಓದಿದವಳು ನಾನು ಎಂದೆ.

"ಓದಿದೋರು ಬಂದು ಏನು ಕಡಿದು ಕಟ್ಟೆ ಹಾಕಿದ್ರು, ನೋಡಿದೀವಲ್ಲ. ಎಲ್ಲಿ ಮುಟ್ಟಿದ್ರೆ ನೋಯುತ್ತೆ ಅಂತ ಏಟು ತಿಂದೋರಿಗೇ ಗೊತ್ತು."

ತಂಗಿ ಇದ್ದಿದ್ದರೆ ನಗುತ್ತಿದ್ದಳು...

ಮಾರ್ಚ್ 9, ಭಾನುವಾರ

ಹೊಸ ಕೆಲಸಕ್ಕೆಂದು ಕೊಟ್ಟ ಮಹಡಿ ಕೋಣೆಗೆ ಸಾಮಾನು ಸಾಗಿಸಿದೆ. ಮಂಚದಡಿ ತಂಗಿಯ ಬ್ಯಾಗು. ಆಸ್ಪತ್ರೆಯವರು ಕೊಟ್ಟಾಗಿನಿಂದ ಬಿಚ್ಚಿರಲಿಲ್ಲ. ಮೆಟ್ಟಿಲ ಮೇಲೆ ಜಿಪ್ ಕಿತ್ತುಬಂತು. ಬಾಚಣಿಗೆ. ನನ್ನದೊಂದು ಸ್ವೆಟರ್. ಟವೆಲು.

ಮೂಲೆಯಲ್ಲಿ ಕೆಂಪು ದಾರ. 34. ನನ್ನದೇ ಹೊಲಿಗೆ.

ಅವಳು ಮತ್ತೆ ಕುಡಿತಕ್ಕೆ ಬಿದ್ದು ಎರಡನೇ ಸಲ ಇಲ್ಲಿಂದ ಹೋದ ಮೇಲೂ ಅರವತ್ತು ಇದ್ದವು, ಎಣಿಸಿದ್ದೆ. ಆಮೇಲೆ ಎರಡು ದಿನ ಒಬ್ಬಳ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದೆ. ಬಂದಾಗ ಒಂದು ಕಡಿಮೆ. ಮರುದಿನ ತಂಗಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಸಿಕ್ಕಳು, ಮೈ ಸುಡುವ ಜ್ವರದಲ್ಲಿ. ಬೆಳಗಾಗುವಷ್ಟರಲ್ಲಿ ಮುಗಿದಿತ್ತು.

ಇಲ್ಲಿಗೆ ಬಂದಿದ್ದಳಾ ಎಂದು ಅವತ್ತೇ ಕೇಳಿದ್ದೆ. ದೊಡ್ಡಕ್ಕ ನನ್ನ ಬೆನ್ನು ಸವರಿ, "ಬಂದಿದ್ರೆ ಬಿಡ್ತಿದ್ನಾ?" ಎಂದಿದ್ದಳು.

ಮಾರ್ಚ್ 10, ಬೆಳಿಗ್ಗೆ

ಅವಳ ಮೇಜಿನ ಮೇಲೆ ಟವೆಲು ಇಟ್ಟೆ. ಮೂಲೆ ನೋಡಿದಳು. ಫೈಲ್ ಮುಚ್ಚಿದಳು.

"ಕುಡಿದು ಬಂದಿದ್ಲು. ಮೂರನೇ ಸಲ. ಮೂರನೇ ಸಲ ಒಳಗೆ ಸೇರಿಸೋ ಹಾಗಿಲ್ಲ, ರೂಲ್ ನಂದೇ. ಒಳಗೆ ಮಕ್ಕಳಿದ್ರು. ಕಮಿಟಿಯವರು ಬಂದು ಕೂತಿದ್ರು."

"ಜ್ವರ ಇತ್ತಾ?"

"ಮುಟ್ಟಿ ನೋಡ್ಲಿಲ್ಲ ಕಣೇ."

"ನನ್ನ ಕೇಳಿದ್ಲಾ?"

ಕಿಟಕಿ ಕಡೆ ತಿರುಗಿದಳು. "ಅಕ್ಕ ಬರೋವರೆಗೂ ಮೆಟ್ಟಿಲ ಮೇಲೆ ಕೂತಿರ್ತೀನಿ ಅಂದ್ಲು. ಕಮಿಟಿಯವರು ಹೊರಡೋ ಹೊತ್ತಾಗಿತ್ತು. ನಾನೇ ಎಬ್ಬಿಸಿ ಕಳಿಸ್ದೆ."

"ನಂಗೆ ಸುಳ್ಳು ಹೇಳ್ದೆ."

"ನಿಜ ಹೇಳಿದ್ರೆ ನೀನು ಬಿಟ್ಟು ಹೋಗ್ತಿದ್ದೆ. ನಂಗೆ ಇನ್ಯಾರಿದಾರೆ?"

ಟವೆಲು ಕೊಡದೆ ಅಟ್ಟಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅಷ್ಟನ್ನು ಮಾಡದೆ ಇರಲು ಅವಳಿಂದ ಆಗಲಿಲ್ಲ. ಮುಖ ತೊಳೆಸಿ, ಒರೆಸಿಕೋ ಎಂದು ಕೊಟ್ಟು, ಕಳಿಸಿದಳು.

ಮಾರ್ಚ್ 21

ಬರೆಯಲು ಏನೂ ಇಲ್ಲ. ಒಗೆದೆ. ಒಣಹಾಕಿದೆ.

ಏಪ್ರಿಲ್ 1, ಮಂಗಳವಾರ

ದೊಡ್ಡಕ್ಕ ಹೋದಳು. ಹೋಗುವಾಗ ಹೆಗಲು ಮುಟ್ಟಲು ಬಂದಳು. ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ.

ಕೆಲಸ ಬಿಡೋಣವೆಂದರೆ ಹೋಗುವುದೆಲ್ಲಿಗೆ? ಕುರ್ಚಿಯಲ್ಲಿ ಕೂತೆ. ಅಡುಗೆಯಮ್ಮ ಇಣುಕಿ, "ಇನ್ಮೇಲೆ ಮೇಡಂ ಅನ್ಬೇಕಾ? ನನ್ನ ನಾಲಿಗೆ ತಿರುಗಲ್ಲಪ್ಪ," ಎಂದಳು. ನವೆಂಬರಿನಲ್ಲಿ ಇವಳೂ ಕಂಡಿದ್ದಳೋ ಏನೋ. ಕೇಳಲಿಲ್ಲ. ಇನ್ನೊಬ್ಬಳನ್ನು ಕಳೆದುಕೊಳ್ಳುವ ಶಕ್ತಿ ಇಲ್ಲ.

ಮೇಜಿನ ಮೇಲೆ ರೂಲ್ಸ್ ಹಾಳೆ, ಮೂರನೇ ಸಲದ ರೂಲೂ ಅದರಲ್ಲೇ. ಕೆಳಗೆ ದೊಡ್ಡಕ್ಕನ ಸಹಿ, ಅದರ ಕೆಳಗೆ ನನಗೆ ಜಾಗ. ಮೂರು ಗಂಟೆಗೆ ಕಮಿಟಿಯವರು ಬಂದು ಒಯ್ಯುತ್ತಾರೆ.

ಅದೇ ದಿನ, 2.50

ಬೆಲ್ ಆಯಿತು. ಜನವರಿಯಲ್ಲಿ ಹೋದ ಟೈಲರ್ ಹೆಂಗಸು. ನಿಲ್ಲಲಾಗದೆ ಮೆಟ್ಟಿಲ ಮೇಲೆ ಕೂತಳು. ಹೆಂಡದ ವಾಸನೆ. ಮೂರನೇ ಸಲ. ಹಾಲ್‌ನಲ್ಲಿ ಮಕ್ಕಳು ಹೋಂವರ್ಕ್ ಬರೆಯುತ್ತಿದ್ದರು, ಒಂದು ಮಗು ಎದ್ದು ಗೋಡೆಗೆ ಒತ್ತಿಕೊಂಡಿತು. ಮಕ್ಕಳ ವಿಷಯ ದೊಡ್ಡಕ್ಕ ಹೇಳಿದ್ದೂ ಸುಳ್ಳಲ್ಲ.

ಮೂವತ್ತನಾಲ್ಕನ್ನು ಕೊಟ್ಟೆ. ಹಣೆ ಮುಟ್ಟಿ ನೋಡಿದೆ. ಬಿಸಿ ಇಲ್ಲ. ಕೈ ತೆಗೆಯಲು ಅವಳು ಬಿಡಲಿಲ್ಲ.

ಮುಖ ತೊಳೆಯುತ್ತಿದ್ದಾಳೆ. ಹಾಳೆ ನನ್ನೆದುರಿಗಿದೆ. ಸಹಿ ಹಾಕಿಲ್ಲ. ಗೇಟಿನ ಹತ್ತಿರ ಕಾರು ನಿಂತ ಸದ್ದು. ಬಾಗಿಲ ಕಡೆಯಿಂದ ಅಡುಗೆಯಮ್ಮ, "ಕಮಿಟಿಯವರು ಬಂದ್ರು ಕಣೇ, ಇವಳನ್ನ ಏನ್ಮಾಡ್ಲಿ" ಎಂದು—