ಹಿತ್ತಿಲ ಬಾಗಿಲ ಹುಡುಗಿ

ಅಂಗಡಿಯಿಂದ,
ಮಾರ್ಚ್ ೧೨, ಮಂಗಳವಾರ ಮಧ್ಯಾಹ್ನ

ನಮ್ಮ ಮನೆಯ ದುಡುಕಿಗೆ, ಅಂದರೆ ನನ್ನ ಮುದ್ದು ಸೊಸೆಗೆ,

ಹೇಗಿದ್ದೀಯಮ್ಮ? ಕೈನಡುಕ ನಿಂತಿತೇ? ಊಟ ಸೇರುತ್ತಿದೆಯೇ? ಹಿಂದಿನ ಕಾಗದಕ್ಕಿಂತ ಈ ಸಲ ನಿನ್ನ ಸಾಲುಗಳು ನೆಟ್ಟಗಿವೆ. ಕುಡಿತ ಬಿಡಿಸುವ ಆ ಮನೆಯ ಗಾಳಿ ಮೈಗೆ ಒಗ್ಗುತ್ತಿದೆ ಎಂದು ಖುಷಿಯಾಯಿತು. ಬೈಗುಳ ಮಾತ್ರ ಮೊದಲಿನಷ್ಟೇ ಖಾರ! ಇಲ್ಲಿ ನಿನ್ನ ಗಂಡ ಅಡುಗೆ ಕಲಿಯುತ್ತಿದ್ದಾನೆ. ನಾವಿಬ್ಬರೂ ಇನ್ನೂ ಬದುಕಿದ್ದೇವೆ, ಅದೇ ದೊಡ್ಡದು.

ನೀನು ಬರೆದ ಕನಸನ್ನು ಮತ್ತೆ ಮತ್ತೆ ಓದಿದೆ. ಹಿತ್ತಿಲ ಬಾಗಿಲು ಬಡಿಯುತ್ತ "ಬಾಯಾರಿಕೆ" ಎನ್ನುವ ಪುಟ್ಟ ಹುಡುಗಿ; ನೀನು ಚಿಲಕ ಹಾಕಿದಷ್ಟೂ ಬಡಿತ ಜೋರು. ಅಲ್ಲಿನ ಡಾಕ್ಟರಮ್ಮ "ಏನು ಬೇಕು ಅಂತ ಅವಳನ್ನೇ ಕೇಳು" ಎಂದರಂತೆ. ಅದಕ್ಕೆ ನೀನು, "ಮಾವ, ಈಯಮ್ಮನಿಗೇ ತಲೆ ಕೆಟ್ಟಿದೆ, ಭಾನುವಾರ ನನ್ನ ಖಾಲಿ ಚೀಲ ತಂದು ಮನೆಗೆ ಕರ್ಕೊಂಡು ಹೋಗಿ" ಎಂದು ಬರೆದಿದ್ದೀಯ.

ನನ್ನ ಕೆಲಸ ನಿನಗೆ ಗೊತ್ತಲ್ಲ. ಕುಸಿದ ಸೋಫಾ ಬಂದರೆ ಮೊದಲು ಕತ್ತರಿ ಹಿಡಿಯುವುದಿಲ್ಲ, ಅದರ ಮೇಲೆ ಕಣ್ಣು ಮುಚ್ಚಿ ಕೂರುತ್ತೇನೆ. "ಏನ್ ಯಜಮಾನ್ರೇ, ರಿಪೇರಿಗೆ ಕೊಟ್ರೆ ನಿದ್ದೆ ಹೊಡೀತೀರಾ?" ಎಂದು ಗಿರಾಕಿಗಳು ನಗುತ್ತಾರೆ. ನಗಲಿ. ಎಲ್ಲಿ ಚುಚ್ಚುತ್ತದೆಂದು ಮೈಗೆ ತಿಳಿಯದೆ ಬಿಚ್ಚಿದರೆ ಬರೀ ಹತ್ತಿ ತುಂಬಿ ಕಳಿಸುತ್ತೇವೆ, ಒಳಗಿನ ಮುರಿದ ಸ್ಪ್ರಿಂಗ್ ಹಾಗೇ ಉಳಿಯುತ್ತದೆ. ನಿನ್ನ ಬಾಟಲಿಗಳನ್ನು ನಾವು ಬೀರುವಿನಲ್ಲಿಟ್ಟು ಬೀಗ ಜಡಿದದ್ದೂ ಹತ್ತಿ ತುಂಬಿದ ಹಾಗೆಯೇ.

ಹಳೆ ಪುಸ್ತಕದಂಗಡಿಯಿಂದ ಮನಸ್ಸಿನ ಆಳದ ಬಗ್ಗೆ ಒಂದು ಪುಸ್ತಕ ತಂದು ಓದುತ್ತಿದ್ದೇನೆ. ಅರ್ಧ ತಲೆ ಮೇಲಿಂದ ಹಾರಿಹೋಗುತ್ತದೆ. ತಲೆಗೆ ಹತ್ತಿದ ಅರ್ಧ ಇಷ್ಟು: ನಾವು ಹೊರಗಟ್ಟಿದ್ದು ಎಲ್ಲೂ ಹೋಗುವುದಿಲ್ಲ, ಮನಸ್ಸಿನ ಹಿತ್ತಿಲಲ್ಲೇ ಕಾದಿರುತ್ತದೆ. ಒಮ್ಮೆ ಬಟ್ಟೆ ಮಡಚುತ್ತ ನೀನೇ ಹೇಳಿದ್ದೆ, ಅಮ್ಮ ತೀರಿಕೊಂಡ ದಿನ ದೊಡ್ಡವರೆಲ್ಲ "ನೀನು ಅಕ್ಕ, ಅಳಬಾರದು, ತಮ್ಮನ್ನ ನೋಡ್ಕೋ" ಅಂದರೆಂದು. ನೀನು ಅಳಲೇ ಇಲ್ಲವಂತೆ. ಬಾಗಿಲು ಬಡಿಯುತ್ತಿರುವವಳು ಅಂದು ಅಳದೆ ಉಳಿದ ಆ ಪುಟ್ಟ ನೀನೇ ಇರಬಹುದೇನೋ ತಾಯಿ. ಅವಳು ಬಾಯಾರಿಕೆ ಎಂದಾಗಲೆಲ್ಲ ನೀನು ಬಾಟಲಿ ಕೊಟ್ಟೆ. ಪಾಪ, ಮಗು ಕೇಳಿದ್ದು ಅದನ್ನಲ್ಲ. ನನ್ನ ಊಹೆ ತಪ್ಪಿರಲೂಬಹುದು. ಕೇಳಿ ತಿಳಿಯಬೇಕಾದವಳು ನೀನು. ಡಾಕ್ಟರಮ್ಮ ಪಕ್ಕದಲ್ಲಿರುವಾಗಲೇ ಕೇಳು.

ಮೈ ನೋಡಿಕೋ. ಬೈಯುವುದನ್ನು ಮಾತ್ರ ಬಿಡಬೇಡ, ಅದಿಲ್ಲದೆ ಮನೆ ಸಪ್ಪಗಿದೆ.

ನಿನ್ನ ಒಳ್ಳೆಯದನ್ನೇ ಬಯಸುವ,
ಗಿರಾಕಿಗಳ ಸೋಫಾ ಮೇಲೆ ನಿದ್ದೆ ಹೊಡೆಯುವ ಮಾವ

ಮರೆತ ಮಾತು: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಭಾನುವಾರ ನಿನ್ನ ಚೀಲ ತರುತ್ತೇನೆ, ಆದರೆ ಖಾಲಿ ಅಲ್ಲ. ಇನ್ನಷ್ಟು ದಿನ ಅಲ್ಲಿರಲು ಬೇಕಾದ ಬಟ್ಟೆ ತುಂಬಿದ್ದೇನೆ. ಬೈದರೆ ಬೈಸಿಕೊಂಡು, ನೀನು ಡಾಕ್ಟರಮ್ಮನ ಹತ್ತಿರ ಮಾತು ಮುಗಿಸಿ ಬರುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಚೀಲದ ತಳದಲ್ಲಿ ನಾನೇ ಹೊಲಿದ ಪುಟ್ಟ ದಿಂಬಿದೆ. ಅದು ನಿನಗಲ್ಲ. ಆ ಹುಡುಗಿ ಒಳಗೆ ಬಂದರೆ ಕೂರಲು ಏನಾದರೂ ಬೇಕಲ್ಲ.