ಅಂಗಳದ ಚೀನಿ ಗಿಡ

೧೧ ಫೆಬ್ರವರಿ ೧೯೫೨, ಶಹಾಬಾದ

ಅತ್ತೆಯ ಲಿಂಗಪೂಜೆ ಮುಗಿಯಿತು, ರೊಟ್ಟಿಯೂ ಮುಗಿಯಿತು. ಈಗ ಕುಳಿತೆ. ಎದುರಿಗೇ ಅತ್ತೆ ಕೈಯಂದಾಜಿನಲ್ಲೇ ಹಳೇ ಬಟ್ಟೆಯ ಕೌದಿ ಹೊಲಿಯುತ್ತಿದ್ದಾರೆ. ಅವರ ಬಗ್ಗೆ ಅವರೆದುರೇ ಬರೆಯಬಹುದು, ಅವರಿಗೆ ಕಣ್ಣು ಕಾಣಿಸುವುದಿಲ್ಲ. ಕಾಣಿಸುವುದಿಲ್ಲ ಎಂದು ಒಪ್ಪುವುದೂ ಇಲ್ಲ! ಓಟು ಹಾಕಲು ಹೋದಾಗ ಡಬ್ಬಿಯ ಮೇಲಿನ ಚಿತ್ರ ತಿಳಿಯದೆ ಕೈಗೆ ಸಿಕ್ಕ ಡಬ್ಬಿಗೆ ಹಾಕಿ ಬಂದರು. ಕೇಳಿದರೆ, "ಓಟ ಗುಟ್ಟಿಂದದ. ನಿನಗ್ಯಾಕ ಹೇಳ್ಲಿ?" ನಮ್ಮತ್ತೆ ಮಾಣಿಕಮ್ಮನ ಮುಂದೆ ಯಾರ ಆಟವೂ ನಡೆಯದು.

ನಮ್ಮವರು ವಾಡಿ ಸ್ಟೇಷನ್ನಿನ ಡ್ಯೂಟಿ ಮುಗಿಸಿ ಬರುವಾಗ ಒಂದು ಪುಡಿಕೆ ತಂದರು. ಗಾಡಿ ತಪ್ಪಿದ ಚೀನಾದ ಹಲ್ಲಿನ ಡಾಕ್ಟರಿಗೆ ಚಹಾ ಕುಡಿಸಿದ್ದರಂತೆ, ಅವನು ಕೊಟ್ಟದ್ದು. ಒಣದ್ರಾಕ್ಷಿಗಿಂತ ಸಣ್ಣ, ಕೆಂಪು ಹಣ್ಣು. ಕಣ್ಣಿಗೆ ಒಳ್ಳೆಯದಂತೆ. ಹೆಸರು ಗೌಚಿಯೋ ಗೋಜಿಯೋ... ಹೆಸರೇ ಗೋಜಲು.

"ಬೀಜ ಹೆಂಗ ಹಾಕ್ಬೇಕಂತ್ರೀ?"

"ಚೀನಿದು ಅಂದ. ಅಷ್ಟs."

ಚೀನಿಯದೆಂದರೆ ಚೀನಿ ಮಣ್ಣಿನ ಭರಣಿಯಲ್ಲಿ ಹಾಕುವುದು ಎಂದುಕೊಂಡೆ. ಅತ್ತೆಯ ಉಪ್ಪಿನಕಾಯಿ ಭರಣಿ ಖಾಲಿ ಇತ್ತು. ಮಣ್ಣು ತುಂಬಿ ಬೀಜ ಹಾಕಿದೆ.

೨೯ ಫೆಬ್ರವರಿ

ಒಂದೂ ಮೇಲೇಳಲಿಲ್ಲ. ಕೆದಕಿ ನೋಡಿದರೆ ಕೊಳೆತಿವೆ. ಭರಣಿಯ ತಳಕ್ಕೆ ತೂತಿಲ್ಲ, ಒಳಗೆಲ್ಲ ವರ್ಷಗಟ್ಟಲೆ ಕುಡಿದ ಉಪ್ಪು. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಗಿಡ ಚೀನಾ ದೇಶದ್ದು ಅಂದಾನ, ಭರಣೀದಲ್ಲ!" ನಾನೂ ನಕ್ಕೆ. ಆಮೇಲೆ ಅಳು ಬಂತು. ಅತ್ತೆಯದು ಬೇರೆಯೇ ದುಃಖ: "ನನ್ನ ಭರಣ್ಯಾಗ ಮಣ್ಣ ಹಾಕಿದ್ಯಾ?"

ಪುಡಿಕೆಯಲ್ಲಿ ಇನ್ನೂ ನಾಲ್ಕು ಹಣ್ಣಿವೆ. ಮಳೆ ಬರಲಿ.

೨೦ ಜೂನ್

ಬೆಳಿಗ್ಗೆ ಅಂಗಳಕ್ಕೆ ಹಾಸಿದ ಒಂದು ಫರಸಿ ಕಲ್ಲು ಎಬ್ಬಿಸಿ ಬೀಜ ಊರಿದೆವು. ಈ ಊರಲ್ಲಿ ನೆಲವೆಂದರೆ ಕಲ್ಲು, ಕಲ್ಲಿನ ಕೆಳಗೆ ಸುಣ್ಣದ ಮಣ್ಣು. ನನ್ನ ಮಲ್ಲಿಗೆ ಹಳದಿಯಾಗಿ ಸತ್ತದ್ದೂ ಇದೇ ಮಣ್ಣಿನಲ್ಲಿ.

ಸಂಜೆ ಅತ್ತೆ ಬಿದ್ದರು, ಫರಸಿ ಎಬ್ಬಿಸಿದ ಜಾಗದಲ್ಲೇ. ಮೊಣಕಾಲು ಸುಲಿದಿದೆ. ಅಷ್ಟು ದಿನ ಅಂಗಳವನ್ನು ಕಾಲಿನಿಂದ ನೋಡುತ್ತಿದ್ದರು, ನಮಗೇ ತಿಳಿದಿರಲಿಲ್ಲ. "ಕಲ್ಲ ಜರಗ್ಯದ," ಎಂದರು. ಡಾಕ್ಟರು ಮೊಣಕಾಲಿಗೆ ಪಟ್ಟಿ ಕಟ್ಟುತ್ತ ಕಣ್ಣನ್ನೂ ನೋಡಿದರು. ಮೋತಿಬಿಂದು, ಕಣ್ಣಿನ ಪೊರೆ. ಸೊಲ್ಲಾಪುರದಲ್ಲಿ ತೆಗೆಸಿದರೆ ಕಾಣುತ್ತದೆ, ಬಹಳ ವರ್ಷ ಬಿಡಬೇಡಿ ಎಂದರು.

ಅತ್ತೆ ಒಪ್ಪಬೇಕಲ್ಲ! ಕೊನೆಗೆ ಇಷ್ಟು: "ನಿನ್ನ ಗಿಡ ಹಣ್ಣ ಕೊಡ್ಲಿ, ತಿಂತೀನಿ. ಅದಕ್ಕೂ ಆಗ್ಲಿಲ್ಲಂದ್ರ ಸೊಲ್ಲಾಪುರಕ್ಕ ಬರ್ತೀನಿ. ಲಿಂಗದಾಣಿ."

೫ ಜುಲೈ

ಎರಡು ಮೊಳಕೆ! ಮಲ್ಲಿಗೆಗೆ ಆಗದ ಸುಣ್ಣ ಇದಕ್ಕೆ ಹಿಡಿಸಿದೆ.

೨ ಆಗಸ್ಟ್ ೧೯೫೩

ಒಂದು ಸಸಿ ಹೋಯಿತು, ಉಳಿದದ್ದು ಎದೆಮಟ್ಟ ಬೆಳೆದಿದೆ. ಮೈತುಂಬ ಮುಳ್ಳು. ಈಗ ಹೂ, ಚಿಕ್ಕವು, ನೇರಳೆ ಬಣ್ಣ. ಪಕ್ಕದ ಮನೆಯ ಸೈದಾನಬಿ ನೋಡಿ, "ಬದನಿಕಾಯಿ ತಂಗಿ ಇದ್ದಂಗದಲ್ರೀ ಅಕ್ಕಾ," ಎಂದಳು. ಅತ್ತೆಯ ಎಡಗಣ್ಣು ಪೂರ್ತಿ ಬೆಳ್ಳಗಾಗಿದೆ. ಬೇಗ ಕಾಯಿ ಬಿಡಪ್ಪಾ.

೨೦ ಆಗಸ್ಟ್

ಹೂ ಮಾಯ! ಸಂಜೆ ಇದ್ದದ್ದು ಬೆಳಿಗ್ಗೆ ಇಲ್ಲ. ಸೈದಾನಬಿಯ ಆಡಿನ ಮೇಲೆ ಅನುಮಾನ. ಹೋಗಿ ಜಗಳವಾಡಿದೆ.

"ನನ್ನ ಬಕರಿ ಹೂ ಅಷ್ಟs ಆರಿಸಿ ತಿಂತದೇನ್ರೀ? ತಿಂದ್ರ ಎಲಿ ಸಮೇತ ತಿಂತದ."

ಮಾತು ನಿಜ. ಬಾಯಿ ಮುಚ್ಚಿಕೊಂಡು ಬಂದೆ.

೪ ಸೆಪ್ಟೆಂಬರ್

ಕಳ್ಳರು ಸಿಕ್ಕರು. ಅತ್ತೆ ಪೂಜೆಗೆ ಕುಳಿತಿದ್ದರು. ಎಡ ಅಂಗೈಯಲ್ಲಿ ಲಿಂಗ, ಲಿಂಗದ ಮೇಲೆ ನನ್ನ ನೇರಳೆ ಹೂ. ಬೆರಳ ತುದಿಗಳಲ್ಲೆಲ್ಲ ಮುಳ್ಳು ಚುಚ್ಚಿದ ಗುರುತು. ಪೂಜೆ ಮುಗಿಯುವ ತನಕ ಕಾದೆ. ಸಿಟ್ಟು ನೆತ್ತಿಗೇರಿತ್ತು.

"ಅತ್ತೀ, ಹೂ ಹರದ್ರ ಹಣ್ಣ ಎಲ್ಲಿಂದ ಬರ್ಬೇಕ್ರೀ?"

"ಬರಬಾರದಂತನs ಹರದೆ."

ಹಣ್ಣು ತಿಂದೂ ಕಾಣದಿದ್ದರೆ ಸೊಲ್ಲಾಪುರ. ಕಣ್ಣು ಕೊಯ್ಯುವುದಕ್ಕೆ ಹೆದರಿಕೆಯಲ್ಲವಂತೆ. "ಪಟ್ಟಿ ಕಟ್ಟಿ ಅಲುಗಾಡದಂಗ ಮಲಗಸ್ತಾರಂತ. ಎದ್ದು ಕುಂದ್ರಲಾರದ ಲಿಂಗಪೂಜಿ ಹೆಂಗ ಮಾಡ್ಲಿ? ಪೂಜಿ ಇಲ್ದ ಬಾಯಾಗ ನೀರ ಹಾಕ್ಕೊಂಡಾಕಿ ಅಲ್ಲ ನಾ. ನಿಮಗ ಹೇಳಿದ್ರ ಮುದುಕಿ ಹಟ ಅಂತೀರಿ."

ನಾವು ಅಂದದ್ದೇ ಹಾಗೆ, ವರ್ಷದ ಮೇಲಾಯಿತು.

"ಅಂಗೈ ನಿಮ್ದು, ಹೂ ನಂದು. ಮಲಕೊಂಡs ಮಾಡ್ರಿ, ನಾ ಕೈ ಹಿಡೀತೀನಿ."

"ನೀ ಮರೀತಿ."

"ಭರಣ್ಯಾಗ ಮಣ್ಣ ಹಾಕಿದಾಕಿ, ಲಿಂಗಕ್ಕ ಹೂ ಹಾಕಲಿಕ್ಕ ಮರೀತೀನೇನ್ರೀ?"

ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

೧೮ ನವೆಂಬರ್, ಸೊಲ್ಲಾಪುರ

ಆಪರೇಷನ್ ಆಯಿತು. ತಲೆಯ ಎರಡೂ ಬದಿಗೆ ಉಸುಕಿನ ಚೀಲ, ಕಣ್ಣಿಗೆ ಪಟ್ಟಿ. ಮಲಗಿದಲ್ಲೇ ಪೂಜೆ, ನಾನು ಮಣಿಕಟ್ಟು ಹಿಡಿದಿರುತ್ತೇನೆ. ಗಿಡದಿಂದ ತಂದ ಹೂ ಒದ್ದೆ ಬಟ್ಟೆಯಲ್ಲಿ ಇಷ್ಟು ದಿನ ತಡೆದವು. ಇಂದು ಒಂದೂ ಉಳಿದಿಲ್ಲ. ಹೊರಡುವ ದಿನ ಬುಡದ ಮುಳ್ಳಿನ ಸಂದಿಯಲ್ಲಿ ಒಂದು ಹಣ್ಣು ಸಿಕ್ಕಿತ್ತು, ಅದನ್ನೇ ಇಟ್ಟೆ. ಬೆರಳಿನಿಂದ ಮುಟ್ಟಿ ನೋಡಿದರು.

"ಇದು ಹೂ ಅಲ್ಲ."

"ಒಂದು ನಿಮ್ಮ ಕೈ ತಪ್ಪಿಸ್ಕೊಂಡಿತ್ರೀ."

"ಬಣ್ಣ ಹೆಂಗದ?"

"ನಾ ಹೇಳಂಗಿಲ್ಲ. ನೀವs ನೋಡಿ ಹೇಳ್ರಿ."

೨೫ ನವೆಂಬರ್

ಪಟ್ಟಿ ಬಿಚ್ಚಿದರು. ಬೆಳಕು ಗೊತ್ತಾಗುತ್ತದೆ. ಎಲ್ಲ ಹೊಗೆಯೊಳಗೆ ಇದ್ದ ಹಾಗೆ. ಚಷ್ಮಾ ಬರಬೇಕು. ನನಗೆ ನಿದ್ದೆಯಿಲ್ಲ.

೧೦ ಜನವರಿ ೧೯೫೪, ಶಹಾಬಾದ

ಚಷ್ಮಾ ಬಂತು, ಸೋಡಾ ಬಾಟಲಿಯ ತಳದಷ್ಟು ದಪ್ಪ. ಬೆಳಗಿನಿಂದ ಮನೆಯೆಲ್ಲ ಬೈಯುತ್ತ ತಿರುಗುತ್ತಿದ್ದಾರೆ. ಮೂಲೆಗೆ ಜೇಡರ ಬಲೆ, ತಪ್ಪೇಲಿಗೆ ಮಸಿ, ಭರಣಿಯ ಅಂಚು ಯಾರು ಒಡೆದದ್ದು?

ಗಿಡದ ಮುಂದೆ ಕರೆದೊಯ್ದೆ. ಎಲೆ ಉದುರಿದೆ, ಹಣ್ಣು ನಾಲ್ಕೈದು ಇವೆ. ಅವರು ಹಣ್ಣು ನೋಡಲೇ ಇಲ್ಲ. ನನ್ನ ಕೈ ಹಿಡಿದು ಬಿಸಿಲಿಗೆ ತಿರುಗಿಸಿದರು.

"ಈ ಹಳೀ ಗೀರೆಲ್ಲ ನನ್ನ ಹೂವಿಗೇನ?"

"ಬೆಕ್ಕು ಪರಚಿದ್ದರೀ."

"ನಮ್ಮನಿಯಾಗ ಬೆಕ್ಕ ಎಲ್ಲದವ್ವ? ಈಗ ನನಗ ಕಾಣ್ತದ, ವಿಮಲಾ."

ಅಲ್ಲೇ ಕುಳಿತು ಅತ್ತುಬಿಟ್ಟೆ.

ಸಂಜೆ. ಎದುರಿಗೆ ಕೌದಿ. ಸೂಜಿಗೆ ತಾವೇ ದಾರ ಪೋಣಿಸಿಕೊಂಡರು! ನಾನು ಎಂದಿನಂತೆ ಬರೆಯುತ್ತಿದ್ದೇನೆ... ಸೂಜಿ ನಿಂತಿದೆ. ಚಷ್ಮಾ ಈ ಕಡೆ ತಿರುಗಿದೆ.

"ಏನ ಬರೀಲಿಕತ್ತಿ? ಓದು ನೋಡೋಣು. ಮೊದಲಿಂದ ಓದು."

ಮೊದಲಿನಿಂದ! ಮೊದಲ ಪುಟದಲ್ಲೇ ಅವರ ಓಟಿನ ಸುದ್ದಿ. ಅಯ್ಯಯ್ಯೋ, ಎದ್ದು ಇತ್ತಲೇ ಬರು—