ಕೈಯಿಂದ ಕಲಿಸುವ ಶಾಲೆ

ಅಕ್ಟೋಬರ್ 6, ಸೋಮವಾರ. ಕೊನೆ ಸ್ಟಾಪ್

ಬಸ್ಸು ಖಾಲಿ. ಫ್ಲಾಸ್ಕಿನ ಕಾಫಿ ಆರಿದೆ. ಸರೋವರದ ಕಡೆಯ ಗಾಳಿ ಬಾಗಿಲ ಸಂದಿಯಲ್ಲಿ ಸಿಳ್ಳೆ ಹೊಡೆಯುತ್ತಿದೆ. ಮುಂದಿನ ಟ್ರಿಪ್ಪಿಗೆ ಸಮಯವಿದೆ.

ಮಗಳು ಟಿಲ್ಲಿ ನಾನು ಎಬ್ಬಿಸುವ ಮೊದಲೇ ಎದ್ದು ಬೂಟು ಹಾಕಿ ಕೂತಿದ್ದಳು. ಇವತ್ತು ಶಾಲೆಯಲ್ಲಿ ಮಕ್ಕಳೇ ಕಟ್ಟಿದ ದೋಣಿಗೆ ವಾರ್ನಿಷ್ ಬಳಿಯುವ ದಿನ. ಹಳೇ ಶಾಲೆಯಲ್ಲಿ ಸೋಮವಾರ ಬಂತೆಂದರೆ ಹೊಟ್ಟೆನೋವು, ವಾಂತಿ. ಈಗ ಒಂಬತ್ತು ವರ್ಷದವಳ ಚೀಲದಲ್ಲಿ ಮರದ ಹೊಟ್ಟು, ಮೇಕೆ ಕೂದಲು. ಪುಸ್ತಕ ಮಾತ್ರ ಇಲ್ಲ. "ಮೊದಲು ಕೈ, ಪುಸ್ತಕ ತಾನಾಗಿ ಹಿಂದೆ ಬರುತ್ತೆ" — ಇದು ಮೆರೆಡಿತ್ ಮಾತು. ಶಾಲೆ ಕಟ್ಟಿದವಳೂ ಅವಳೇ, ನಿರ್ದೇಶಕಿಯೂ ಅವಳೇ.

ನಮ್ಮದು ಚಾರ್ಟರ್ ಶಾಲೆ. ದುಡ್ಡು ಸರ್ಕಾರದ್ದು, ಆಡಳಿತ ಅವರದ್ದು. ನವೆಂಬರಿನಲ್ಲಿ ಪರವಾನಗಿ ನವೀಕರಣ. ಪರವಾನಗಿ ಕೊಡುವ ಬೋರ್ಡಿನ ಮುಂದೆ ಪೋಷಕರ ಪರವಾಗಿ ನಾನು ಮಾತಾಡಬೇಕಂತೆ. ಒಪ್ಪಿದ್ದೇನೆ. ನೋರೀನ್ ಕೂಡ ಮಾತಾಡುತ್ತಾಳೆ. ಅವಳ ಮಗ ಎಜ್ರಾ ಹಳೇ ಶಾಲೆಯಲ್ಲಿ ಬಾಯೇ ಬಿಡುತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಮೊದಲು ಮೇಕೆಗಳ ಜೊತೆ ಮಾತಾಡಿದ, ಆಮೇಲೆ ಮನುಷ್ಯರ ಜೊತೆ.

ಅತ್ತೆ ಐಲಿಗೆ ಮಾತ್ರ ನಗು. "ಈ ವಾರ ಸೋಪು ಮಾಡ್ತಾರಂತೆ! ನಮ್ಮಜ್ಜಿ ಹಿತ್ತಲಲ್ಲೇ ಮಾಡ್ತಿದ್ಲು ಕಣೆ. ಅವಳಿಗ್ಯಾರೂ ಮಾರ್ಕ್ಸ್ ಕೊಡ್ಲಿಲ್ಲ."

ಹೊರಡಬೇಕು. ಯಾರೋ ಗಾಜು ಬಡಿಯುತ್ತಿದ್ದಾರೆ.

ಅಕ್ಟೋಬರ್ 9, ಗುರುವಾರ. ಆಸ್ಪತ್ರೆ

ಬಲಗೈ. ಅಂಗೈ, ನಾಲ್ಕು ಬೆರಳು. ಕಾಸ್ಟಿಕ್ ಸೋಡಾ.

ಡಿಪೋದಿಂದ ರೇಡಿಯೋದಲ್ಲಿ ಕರೆ ಬಂತು — "ಗ್ರೆಟಾ, ಬಸ್ಸು ನಿಲ್ಲಿಸು, ನಿನ್ನ ಮಗಳು ಆಸ್ಪತ್ರೆಯಲ್ಲಿ." ಬೇರೆ ಡ್ರೈವರ್ ಬರುವವರೆಗೂ ಕಾಯಬೇಕು, ಅದು ನಿಯಮ. ಕಾದೆ. ಸ್ಟಿಯರಿಂಗ್ ಕಚ್ಚಿ ಹಾಕಬೇಕು ಅನ್ನಿಸಿತು.

ಸೋಪಿಗೆ ಉಪ್ಪು ತರಲು ಕಳಿಸಿದ್ದರಂತೆ. ಕಪಾಟಿನಲ್ಲಿ ಎರಡು ಡಬ್ಬಿ, ಒಂದೇ ಬಣ್ಣ, ಒಂದೇ ಅಳತೆ. ಟಿಲ್ಲಿ ಒದ್ದೆ ಕೈಯನ್ನು ಉಪ್ಪಿನ ಬದಲು ಇನ್ನೊಂದಕ್ಕೆ ಹಾಕಿದಳು. ಟೀಚರ್ ವೆಸ್ ಪಕ್ಕದ ಕೋಣೆಯಲ್ಲಿ ಇನ್ನೊಂದು ಗುಂಪಿನ ಜೊತೆ ಇದ್ದನಂತೆ.

ಅತ್ತು ಅತ್ತು ಮಲಗಿದ್ದಾಳೆ. ಬ್ಯಾಂಡೇಜು ಕಟ್ಟಿದ ಕೈ ಬಾಕ್ಸಿಂಗ್ ಗ್ಲೌಸಿನ ಹಾಗಿದೆ. ಮೆರೆಡಿತ್ ಹೂಗುಚ್ಛ ಕಳಿಸಿದ್ದಾಳೆ. ಮಕ್ಕಳೇ ಬೆಳೆದ ಹೂ. ಕಸದ ಬುಟ್ಟಿಗೆ ಹಾಕಿದೆ.

ಅಕ್ಟೋಬರ್ 10, ಶುಕ್ರವಾರ

ರಜೆ ಹಾಕಿದೆ. ಚಮಚದಲ್ಲಿ ಸೂಪ್ ಕುಡಿಸುತ್ತಾ ಕೇಳಿದೆ, ಸುಮ್ಮನೆ, ಬೈಯುವ ದನಿಯಿಲ್ಲದೆ.

"ಡಬ್ಬಿ ಮೇಲೆ ಬರೆದಿರ್ಲಿಲ್ವಾ ಪುಟ್ಟಾ? ಮುಟ್ಟಬೇಡಿ ಅಂತ?"

"ಬರೆದಿತ್ತು."

"ಮತ್ತೆ?"

"ಚಿತ್ರ ಇರ್ಲಿಲ್ಲ ಅಮ್ಮ."

ಚಮಚ ಕೈಯಲ್ಲೇ ಉಳಿಯಿತು.

ಅವಳಿಗೆ ಇಷ್ಟದ ಕರಡಿ ಪುಸ್ತಕ ತಂದೆ. "ಓದು ನೋಡೋಣ." ಪಟಪಟ ಓದಿದಳು, ದನಿ ಏರಿಸಿ ಇಳಿಸಿ. ಮಧ್ಯೆ ನಾನು ಬೇಕಂತಲೇ ಎರಡು ಹಾಳೆ ಒಟ್ಟಿಗೆ ಮಗುಚಿದೆ. ಅವಳು ನಿಲ್ಲಲಿಲ್ಲ. ಮಗುಚಿ ಹೋದ ಪುಟದ ಕಥೆಯನ್ನೇ ಹೇಳುತ್ತಾ ಹೋದಳು, ನದಿ, ಮೀನು, ಎಲ್ಲ. ಕಣ್ಣ ಮುಂದಿನ ಪುಟದಲ್ಲಿ ಕರಡಿ ಮಲಗಿತ್ತು.

ಹೊಸ ಪುಸ್ತಕ ಕೊಟ್ಟೆ. ತುಟಿ ಬಿಗಿದಳು. ಆಮೇಲೆ — "ಕೈ ನೋಯ್ತಿದೆ."

ನಾಲ್ಕನೇ ಕ್ಲಾಸು. ಓದಲು ಬರುವುದಿಲ್ಲ. ಒಂದು ಸಾಲೂ.

ಅಕ್ಟೋಬರ್ 13, ಸೋಮವಾರ

ಮೆರೆಡಿತ್ ಕೋಣೆ. ಮರದ ದಿಮ್ಮಿಯೇ ಕುರ್ಚಿ. ಅವಳ ಬೂಟಿನಲ್ಲಿ ಯಾವಾಗಲೂ ಕೆಸರು. ಅದೂ ಬೇಕಂತಲೇ ಬಳಿದುಕೊಳ್ಳುತ್ತಾಳೋ ಎಂದು ಇವತ್ತು ಮೊದಲ ಸಲ ಅನುಮಾನ ಬಂತು.

"ನಮಗ್ಯಾರಿಗೂ ನಿದ್ದೆ ಇಲ್ಲ ಗ್ರೆಟಾ. ಇನ್ಮೇಲೆ ಆ ಡಬ್ಬಿಗೆ ಬೀಗ. ಆದ್ರೆ ಒಂದು ನೋಡಿ, ಟಿಲ್ಲಿ ಇದ್ರಿಂದ ಏನೋ ಕಲಿತಿದ್ದಾಳೆ."

"ಏನ್ ಕಲಿತಿದ್ದಾಳೆ?"

"ವಸ್ತುಗಳನ್ನ ಗೌರವಿಸೋದು."

ಕಾಸ್ಟಿಕ್ ಸೋಡಾಕ್ಕೆ ಗೌರವ! ನಾನು ಎದ್ದು ನಿಂತೆ. "ಅವಳಿಗೆ ಓದಕ್ಕೆ ಬರಲ್ಲ. ನಿಮಗೆ ಗೊತ್ತಿತ್ತಾ?"

ಕಣ್ಣು ಮಿಟುಕಿಸಲಿಲ್ಲ. "ಪ್ರತಿ ಮಗುವೂ ತನ್ನ ಕಾಲಕ್ಕೆ ಅರಳುತ್ತೆ."

"ಅವಳು ಹೂವಲ್ಲ. ನಾಲ್ಕನೇ ಕ್ಲಾಸಿನ ಹುಡುಗಿ."

"ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ."

ಅರ್ಥ ಆಗುತ್ತಂತೆ. ಈ ಮಾತನ್ನು ಹೇಳಿಕೊಡಲು ಎಲ್ಲೋ ಕೋರ್ಸ್ ಇರಬೇಕು.

ಕಾರು ನಿಲ್ಲಿಸಿದಲ್ಲಿಗೆ ವೆಸ್ ಓಡುತ್ತಾ ಬಂದ. ಇಪ್ಪತ್ತಾರೋ ಇಪ್ಪತ್ತೇಳೋ, ಕಣ್ಣು ಕೆಂಪು. "ಹೋದ ವರ್ಷಾನೇ ಹೇಳಿದ್ದೆ ಮೇಡಂ. ಓದಿನ ತೊಂದರೆ ಇದ್ಯಾ ಅಂತ ಟಿಲ್ಲಿಗೆ ಪರೀಕ್ಷೆ ಮಾಡಿಸೋಣ, ಅಕ್ಷರ ಹಿಡೀತಿಲ್ಲ ಅಂತ. ನವೀಕರಣ ಹತ್ರ ಬರ್ತಿದೆ, ಇಂಥ ಮಕ್ಕಳ ಲೆಕ್ಕ ಜಾಸ್ತಿ ಕಾಣೋದು ಬೇಡ, ಸ್ವಲ್ಪ ತಡಿ ಅಂದ್ರು ಮೆರೆಡಿತ್. ತಡೆದೆ."

"ನನಗ್ಯಾಕೆ ಹೇಳ್ಲಿಲ್ಲ?"

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅವನಿಗೆ ಥ್ಯಾಂಕ್ಸ್ ಹೇಳಿದ್ದು ಯಾಕೋ ಇನ್ನೂ ಗೊತ್ತಾಗುತ್ತಿಲ್ಲ.

ಅಕ್ಟೋಬರ್ 14

ನನ್ನ ಗಂಡ ಡ್ವೇನ್ ಕೆಲಸ ಮಾಡುವ ಹಡಗಿನಿಂದ ಫೋನ್ ಮಾಡಿದ. ಅದಿರು ತುಂಬಿಕೊಂಡು ಕೆಳಗಿನ ಸರೋವರಗಳ ಕಡೆ ಹೊರಟಿದ್ದಾರೆ. ಸಿಗ್ನಲ್ ಹೋಗಿ ಬಂದು... "ನಾಳೇನೇ ಬಿಡಿಸು ಆ ದರಿದ್ರ ಶಾಲೆ!"

ಟಿಲ್ಲಿ ಕೇಳಿಸಿಕೊಂಡಳು. ಬಚ್ಚಲಮನೆಗೆ ಹೋಗಿ ಚಿಲಕ ಹಾಕಿಕೊಂಡಳು. "ಹಳೇ ಶಾಲೆಗೆ ವಾಪಸ್ ಹೋಗಲ್ಲ! ಅಲ್ಲಿ ಎಲ್ಲರೂ ನನ್ನ ದಡ್ಡಿ ಅಂತಾರೆ! ಇಲ್ಲಿ ನನ್ನ ದೋಣಿ ಇದೆ!"

ಅತ್ತೆ ಬಾಗಿಲ ಹೊರಗೆ ಮೊಣಕಾಲೂರಿ ಕೂತು ತಮ್ಮ ತಾಯಿನುಡಿ ಫಿನ್ನಿಷ್‌ನಲ್ಲಿ ಏನೇನೋ ಹೇಳಿದರು. ಟಿಲ್ಲಿ ಚಿಲಕ ತೆಗೆದಳು. ನನ್ನಿಂದ ಆಗಿರಲಿಲ್ಲ.

ಅಕ್ಟೋಬರ್ 24, ಶುಕ್ರವಾರ. ಡಿಪೋ

ನೋರೀನ್ ನನ್ನ ಬಸ್ಸೇ ಹತ್ತಿದಳು, ಕೆಲಸಕ್ಕೆ ಹೋಗುವಾಗ. ಸೀಟಲ್ಲಿ ಕೂರಲಿಲ್ಲ. ನನ್ನ ಪಕ್ಕದ ಕಂಬಿ ಹಿಡಿದು ನಿಂತಳು. ಸುದ್ದಿ ಊರೆಲ್ಲ ಹಬ್ಬಿದೆ. ನಾನು ಶಾಲೆಯ ವಿರುದ್ಧ ಮಾತಾಡುತ್ತೇನೆಂದು.

"ನಿಜಾನಾ?"

"ನಿಜ ಹೇಳ್ತೀನಿ. ಅದು ಯಾರ ವಿರುದ್ಧ ಆಗುತ್ತೋ ಆಗಲಿ."

"ಅಲ್ವೇ, ಶಾಲೆ ಮುಚ್ಚಿದ್ರೆ ಎಜ್ರಾ ಎಲ್ಲಿಗೆ ಹೋಗ್ಬೇಕು? ನಿನ್ನೆ ನನ್ನ ಹತ್ರ ಜಗಳ ಆಡಿದ ಕಣೆ. ಜಗಳ! ಬಾಯೇ ಬಿಡದೆ ಇದ್ದ ಹುಡುಗ. ಖುಷಿಗೆ ಅತ್ಬಿಟ್ಟೆ."

"ನೋರೀನ್, ಹಳದಿ ಗೆರೆ ಹಿಂದೆ ನಿಂತ್ಕೊ."

"ನಿನ್ನ ಮಗಳು ನಿನ್ನ ಮನೇಲೇ ತಾನೆ ಇದ್ದದ್ದು? ಅವಳಿಗೆ ಓದಕ್ಕೆ ಬರಲ್ಲ ಅಂತ ನಿಂಗೇ ಗೊತ್ತಾಗ್ಲಿಲ್ಲ. ಅವರನ್ಯಾಕೆ ಅಂತೀಯ?"

ಬ್ರೇಕ್ ಹಾಕಿದ್ದು ಸ್ವಲ್ಪ ಜೋರಾಯಿತು. ಹಿಂದೆ ಯಾರದೋ ಸಾಮಾನು ಉರುಳಿತು. "ಇಳಿ," ಅಂದೆ. ಅವಳ ಸ್ಟಾಪ್ ಇನ್ನೂ ಮುಂದಿತ್ತು. ಇಳಿದಳು.

ಮನೆಯಲ್ಲಿ ಓದಿಸಬೇಡಿ, ಒತ್ತಾಯ ಮಾಡಬೇಡಿ, ಖುಷಿ ಕೆಡುತ್ತೆ — ಶಾಲೆಯವರೇ ಹೇಳಿದ್ದು. ನೋರೀನ್‌ಗೂ ಹೇಳಿದ್ದರು. ಅದನ್ನು ಆಗಲೇ ಅನ್ನಬೇಕಿತ್ತು.

ನವೆಂಬರ್ 2

ಟಿಲ್ಲಿ ಶಾಲೆಗೆ ಹೋಗುತ್ತಿದ್ದಾಳೆ. ಹಟ ಹಿಡಿದು. ಎಡಗೈಯಲ್ಲೇ ಉಜ್ಜುಕಾಗದ ತಿಕ್ಕುತ್ತಾಳಂತೆ. ಪರೀಕ್ಷೆ ಮಾಡಿಸಿ ಎಂದು ಬರೆದು ಕೊಟ್ಟಿದ್ದೇನೆ. "ಬಂದಿದೆ, ನೋಡ್ತೀವಿ," ಎನ್ನುತ್ತಾರೆ.

ಅತ್ತೆ ಸಂಜೆ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಫಿನ್ನಿಷ್ ಅಕ್ಷರ ಶುರು ಮಾಡಿದ್ದಾರೆ. "ನಮ್ಮ ಭಾಷೇಲಿ ಬರೆದಿದ್ದೇ ಓದೋದು. ಈ ಇಂಗ್ಲಿಷ್ ಇದ್ಯಲ್ಲ, ಬರೆಯೋದೊಂದು, ಬೊಗಳೋದೊಂದು. ಮಗು ಏನ್ ಮಾಡುತ್ತೆ ಪಾಪ!" ಬೈಯುವವರು ನಾನೊಬ್ಬಳೇ ಅಲ್ಲ ಎಂದು ಸ್ವಲ್ಪ ಹಗುರಾಯಿತು.

ನವೆಂಬರ್ 19, ಬುಧವಾರ. ಕೊನೆ ಸ್ಟಾಪ್

ನಿನ್ನೆ ಸಂಜೆಯ ಸಭೆ. ಬರೆದೇ ತೀರಬೇಕು.

ಸಭಾಂಗಣ ತುಂಬಿತ್ತು. ವೇದಿಕೆಯಲ್ಲಿ ಬೋರ್ಡಿನವರು, ಪಕ್ಕದಲ್ಲಿ ದೋಣಿ. ಹೌದು, ದೋಣಿಯನ್ನೇ ಹೊತ್ತು ತಂದಿದ್ದರು. ನೋರೀನ್ ಮಾತಾಡಿದಳು, ಅತ್ತಳು. ಅರ್ಧ ಸಭೆ ಅತ್ತಿತು. ಅವಳ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಅದೇ ಕಷ್ಟ.

ಮುಂದಿನ ಸರದಿ ನನ್ನದು. ಎದ್ದೆ. ಅಷ್ಟರಲ್ಲಿ ಮೆರೆಡಿತ್ ಮೈಕ್ ಹಿಡಿದು — "ಅದಕ್ಕೆ ಮುಂಚೆ, ಒಬ್ಬ ವಿದ್ಯಾರ್ಥಿನಿ ತನ್ನ ಮನಸ್ಸಿನ ಮಾತು ಓದ್ತಾಳೆ."

ಪರದೆಯ ಹಿಂದಿನಿಂದ ಟಿಲ್ಲಿ ಬಂದಳು.

ನನ್ನ ಟಿಲ್ಲಿ. ಅತ್ತೆ ಜೊತೆ ಹಿಂದಿನ ಸಾಲಿನಲ್ಲಿರಬೇಕಾದವಳು. ಶಾಲೆಯ ಏಪ್ರನ್ ತೊಟ್ಟು, ಬ್ಯಾಂಡೇಜು ಕಾಣದಂತೆ ಬಲಗೈಯನ್ನು ಅದರ ಜೇಬಿನಲ್ಲಿಟ್ಟು, ಎಡಗೈಯಲ್ಲಿ ಕಾಗದ ಹಿಡಿದು. ನನ್ನನ್ನು ಕೇಳಿರಲಿಲ್ಲ. ಒಂದು ಮಾತು ಕೇಳಿರಲಿಲ್ಲ. ಅವಳಿಗೆ ಹೇಳಿದ್ದು ಹೀಗಂತೆ: "ಶಾಲೆ ಉಳಿಸೋದು ನಿನ್ನ ಕೈಲಿದೆ."

ಓದಿದಳು. ಸ್ಪಷ್ಟವಾಗಿ, ದನಿ ಏರಿಸಿ ಇಳಿಸಿ. ನಾನು ನನ್ನ ಶಾಲೆಯನ್ನು ಪ್ರೀತಿಸುತ್ತೇನೆ, ಇಲ್ಲಿ ನನ್ನ ಕೈಗಳು ಯೋಚಿಸುತ್ತವೆ, ಇತ್ಯಾದಿ. ಚಪ್ಪಾಳೆ. ಅದು ಕರಡಿ ಪುಸ್ತಕದ ದನಿ. ಅದು ನನಗೆ ಗೊತ್ತಿತ್ತು, ಮೆರೆಡಿತ್‌ಗೂ ಗೊತ್ತಿತ್ತು. ಈಗ ಎದ್ದು ಹೇಳಿದರೆ ಊರಿನ ಮುಂದೆ ಮಗಳ ಮಾನ ಕಳೆದಂತೆ. ಹೇಳದಿದ್ದರೆ ಅವರು ಗೆದ್ದಂತೆ. ಎಲ್ಲ ಲೆಕ್ಕ ಹಾಕಿಯೇ ಮಾಡಿದ್ದಾಳೆ ಆ ಹೆಂಗಸು.

ಬೋರ್ಡಿನಲ್ಲೊಬ್ಬ ಮುದುಕ, ಕಿವಿಗೆ ಮೆಷೀನು. ಪಾಪ, ಏನೂ ಗೊತ್ತಿಲ್ಲದೆ ಕೇಳಿದ — "ಎಷ್ಟ್ ಚೆನ್ನಾಗಿ ಓದಿದೆಯಮ್ಮಾ! ಆ ಮೂರನೇ ಸಾಲು ನಂಗೆ ಕೇಳಿಸ್ಲಿಲ್ಲ, ಇನ್ನೊಂದ್ಸಲ ಓದು."

ಟಿಲ್ಲಿ ಕಾಗದ ನೋಡಿದಳು. ನೋಡಿದಳು. ಮೂರನೆಯದು ಯಾವುದು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಮೆರೆಡಿತ್ ಮುಂದೆ ಬಂದಳು. "ಪಾಪ, ಸುಸ್ತಾಗಿದೆ—"

"ಸುಸ್ತಾಗಿಲ್ಲ," ಎಂದಳು ಟಿಲ್ಲಿ, ಮೈಕಿನಲ್ಲೇ. "ನಂಗೆ ಓದಕ್ಕೆ ಬರಲ್ಲ. ಇದು ಬಾಯಿಪಾಠ."

"ದೋಣಿ ಮಾಡಕ್ಕೆ ಬರುತ್ತೆ," ಅಂದಳು ಆಮೇಲೆ, ಸ್ವಲ್ಪ ಸಣ್ಣ ದನಿಯಲ್ಲಿ. "ಅದು ಸುಳ್ಳಲ್ಲ."

ಹೇಗೆ ವೇದಿಕೆ ಹತ್ತಿದೆನೋ ನೆನಪಿಲ್ಲ. ಅವಳ ಬಲಗೈಯನ್ನು ಜೇಬಿನಿಂದ ತೆಗೆದೆ. ಮೆತ್ತಗೆ. ಬರೆದುಕೊಂಡು ಬಂದದ್ದೆಲ್ಲ ಮರೆತೆ. "ಉಪ್ಪು ತಗೊಂಡು ಬಾ ಅಂತ ಕಳಿಸಿದ್ರು. ಡಬ್ಬಿ ಮೇಲಿನ ಹೆಸರು ಓದಕ್ಕೆ ಕಲಿಸಿರ್ಲಿಲ್ಲ. ಕಲಿಸಬೇಕು ಅಂತ ಟೀಚರ್ ಕೇಳಿದ್ರೆ ತಡಿ ಅಂದ್ರು, ನಿಮ್ಮ ಮುಂದೆ ಚೆನ್ನಾಗಿ ಕಾಣ್ಬೇಕಲ್ಲ, ಅದಕ್ಕೆ. ಶಾಲೆ ಮುಚ್ಚಿ ಅನ್ನಲ್ಲ ನಾನು. ಆದ್ರೆ ನನ್ನ ಮಗಳನ್ನ ಇನ್ನೊಂದ್ಸಲ ಹೀಗೆ ನಿಲ್ಲಿಸಿದ್ರೆ..."

ಮೆರೆಡಿತ್ ಇದೆಲ್ಲ ತಪ್ಪು ತಿಳುವಳಿಕೆ ಎಂದಳು. ಆಗ ವೆಸ್ ಎದ್ದ. "ತಪ್ಪು ತಿಳುವಳಿಕೆ ಅಲ್ಲ. ಟೀಚರ್ ಅಂದ್ರಲ್ಲ, ಅದು ನಾನೇ." ಅಷ್ಟೇ ಹೇಳಿ ಕೂತ.

ತೀರ್ಮಾನ ಮುಂದಕ್ಕೆ ಹಾಕಿದರು. ಕಾರಿನಲ್ಲಿ ಟಿಲ್ಲಿ ಕೇಳಿದಳು — "ಅಮ್ಮ, ನನ್ನಿಂದ ಶಾಲೆ ಹೋಯ್ತಾ?" ಅತ್ತೆ ಹಿಂದಿನಿಂದ ಗುಡುಗಿದರು: "ಹೋದ್ರೆ ಅವರ ಹಣೆಬರಹ. ನೀನು ಸಿಂಹಿಣಿ ಕಣೆ."

ಡಿಸೆಂಬರ್ 4

ಒಂದೇ ವರ್ಷದ ಪರವಾನಗಿ. ಓದು ಕಲಿಸುವ ಟೀಚರ್ ಬರಬೇಕು, ತಡೆದಿಟ್ಟ ಪರೀಕ್ಷೆ ಎಲ್ಲ ಮಕ್ಕಳಿಗೂ ಆಗಬೇಕು, ಅಲ್ಲಿಯವರೆಗೆ ಸೋಪು ಗೀಪು ಬಂದ್. ಮೆರೆಡಿತ್ ಅದೇ ಕುರ್ಚಿಯಲ್ಲಿ. ವೆಸ್‌ನ ಕೆಲಸ ಹೋಯಿತು. "ಪರಸ್ಪರ ಒಪ್ಪಿಗೆ"ಯಂತೆ. ಥೂ.

ನೋರೀನ್ ಇವತ್ತು ಬಸ್ಸು ಹತ್ತಿದಳು. ಹಿಂದೆ ಹೋಗಿ ಕೂತಳು. ಇಳಿಯುವಾಗ ನನ್ನ ಮುಖ ನೋಡದೆ — "ಎಜ್ರಾಗೂ ಪರೀಕ್ಷೆ ಮಾಡಿಸ್ತಿದ್ದೀನಿ." ನಾನು ಬಾಗಿಲು ಕೊಂಚ ಹೊತ್ತು ತೆರೆದೇ ಇಟ್ಟೆ. ಅವಳು ತಿರುಗಲಿಲ್ಲ.

ಜನವರಿ 11, ಭಾನುವಾರ. ಅಡುಗೆಮನೆ

ಡಿಸ್ಲೆಕ್ಸಿಯಾ. ಅಕ್ಷರ ಹಿಡಿಯದ ತೊಂದರೆಗೆ ಹೆಸರು ಸಿಕ್ಕಿತು. ಹೆಸರು ಸಿಗಲು ಒಂದು ಕೈ ಸುಡಬೇಕಾಯಿತು. ಎರಡು ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಹೊಸ ಟೀಚರಮ್ಮ ಒಳ್ಳೆಯವಳು, ಮರಳಿನ ಮೇಲೆ ಅಕ್ಷರ ಬರೆಸುತ್ತಾಳೆ. ಟಿಲ್ಲಿಗೆ ಇಷ್ಟ. ಕೈಯಿಂದಲೇ ಕಲಿಯುವವಳು ಅವಳು. ಅದಂತೂ ನಿಜ. ಇಷ್ಟು ಸಣ್ಣ ಕೆಲಸ. ಮೊದಲೇ ಮಾಡಲು ಏನು ದಾಡಿಯಾಗಿತ್ತು?

ಬೆಳಿಗ್ಗೆ ಶಾಲೆಯ ಹೊಸ ಕರಪತ್ರ ಬಂತು. ಮೊದಲ ಪುಟದಲ್ಲಿ ದಪ್ಪಕ್ಷರ — ನಮ್ಮ ಹೆಮ್ಮೆಯ ಓದಿನ ಕಾರ್ಯಕ್ರಮ. ಮೆರೆಡಿತ್ ಕನಸಂತೆ ಅದು, ಮೊದಲಿನಿಂದಲೂ. ಒಲೆಗೆ ಹಾಕಿದೆ. ಮೆರೆಡಿತ್ ಒಬ್ಬ ಶುದ್ಧ ಲಫಂಗಿ, ನಾಚಿಕೆ ಬಿಟ್ಟ ಹೆಂಗಸು, ನಾಳೆ ಹೋಗಿ ಮುಖಕ್ಕೇ ಹೇಳುತ್ತೇನೆ, ಅವಳ—

ಟಿಲ್ಲಿ ಬೆನ್ನ ಹಿಂದೆ ನಿಂತಿದ್ದಾಳೆ. ನನ್ನ ಭುಜದ ಮೇಲೆ ಗದ್ದ. ಎಷ್ಟು ಹೊತ್ತಿನಿಂದಲೋ. ಬೆರಳು ಸಾಲಿನ ಮೇಲೆ ಓಡುತ್ತಿದೆ, ನಿಧಾನಕ್ಕೆ.

"ಮೆ... ರೆ... ಡಿತ್. ಅಮ್ಮ, ಮೆರೆಡಿತ್! ಆಮೇಲೆ... ಒ... ಬ್ಬ... ಶು... ಶುದ್... ತಡಿ, ಹೇಳಿಕೊಡ್ಬೇಡ! ಲ... ಲಫ... ಅಮ್ಮಾ, ಲಫಂ—"

ಡೈರಿ ಮುಚ್ಚಬೇಕು. ಇನ್ನು ಮೇಲೆ ಈ ಮನೆಯಲ್ಲಿ ನೋಡಿಕೊಂಡು ಬರೆಯಬೇಕು.